ನುಂಗುವುದನ್ನು ನೋಡುವವಳು

ನಮ್ಮ ಅತ್ತೆಗೆ ಬೀದಿಯವರು ಇಟ್ಟ ಹೆಸರು ಮೀಟರಮ್ಮ. ಇಟ್ಟವರು ಯಾರೋ ಗೊತ್ತಿಲ್ಲ, ಸಿಕ್ಕಿದರೆ ಅವರ ಬಾಯಿಗೆ ಸಕ್ಕರೆ ಹಾಕುತ್ತೇನೆ. ನಮ್ಮದು ಲಾಂಡ್ರಿ. ಕೆಳಗೆ ಅಂಗಡಿ, ಅದರ ಹಿಂದೆ ಒಗೆಯುವ ಕೋಣೆ, ಮೇಲೆ ಮನೆ. ಅಂಗಡಿ ಬಾಗಿಲ ಪಕ್ಕದ ಗೋಡೆಯಲ್ಲಿ ಕರೆಂಟಿನ ಮೀಟರು. ಅತ್ತೆ ಬೆಳಗ್ಗೆ ಎದ್ದು ಮೊದಲು ಅದರ ಮುಖ ನೋಡುತ್ತಿದ್ದರು, ಆಮೇಲೆ ನಮ್ಮ ಮುಖ. ಅದು ತುಸು ಜಾಸ್ತಿ ಓಡಿದ್ದರೆ ಆ ದಿನ ಮಧ್ಯಾಹ್ನದವರೆಗೂ ಯಾರಿಗೂ ಉಳಿಗಾಲವಿರಲಿಲ್ಲ.

ಅವರ ಕಣ್ಣಿಗೆ ಜಗತ್ತೆಲ್ಲ ತಿನ್ನುವುದರಲ್ಲೇ ತೊಡಗಿತ್ತು. ಇಸ್ತ್ರಿಪೆಟ್ಟಿಗೆ ಕರೆಂಟು ತಿನ್ನುತ್ತದೆ, ಮೆಷಿನ್ನು ಸೋಪಿನ ಪುಡಿ ತಿನ್ನುತ್ತದೆ, ಮಗನ ವ್ಯಾನು ಡೀಸೆಲ್ ಕುಡಿಯುತ್ತದೆ, ಸೊಸೆ ಹಾಲು ಕುಡಿಯುತ್ತಾಳೆ. ಬಿಲ್ಲಿನಲ್ಲಿ ‘ಬಳಕೆ’ ಎಂದು ಒಂದು ಕಾಲಂ ಇರುತ್ತದಲ್ಲ, ಅದರ ಮೇಲೆ ಬೆರಳಿಟ್ಟು ಇಷ್ಟನ್ನೂ ಯಾರು ತಿಂದಿದ್ದು ಎಂದು ಕೇಳುತ್ತಿದ್ದರು. ಸವೆದ ಸೋಪಿನ ಚೂರುಗಳನ್ನು ಅದುಮಿ ಮತ್ತೊಂದು ಸೋಪು ಮಾಡುತ್ತಿದ್ದರು. ಯಾವುದನ್ನೂ ಪೂರ್ತಿ ಮುಗಿಸಬಾರದು, ಕೊನೆಯಲ್ಲೊಂದು ಚೂರು ಎತ್ತಿಡಬೇಕು, ಅದು ಅವರ ಪದ್ಧತಿ. ತಾವು ಮಾತ್ರ ದಿನವಿಡೀ ನಮ್ಮೆಲ್ಲರ ತಲೆ ತಿನ್ನುತ್ತಿದ್ದರು, ಅದಕ್ಕೆ ಯಾರೂ ಮೀಟರು ಹಾಕಿರಲಿಲ್ಲ.

ಅತ್ತೆಯನ್ನು ‘ಅವರು’ ಅನ್ನುತ್ತಿದ್ದೇನೆ ಎಂದು ಮೋಸ ಹೋಗಬೇಡಿ. ಬಹುವಚನ ನನ್ನ ನಾಲಿಗೆಯ ಅಭ್ಯಾಸ, ಮರ್ಯಾದೆಗೂ ಅದಕ್ಕೂ ಸಂಬಂಧವಿಲ್ಲ.

ಮದುವೆಯಾಗಿ ಎರಡನೇ ವರ್ಷ ನನಗೆ ಕೆಮ್ಮು ಹತ್ತಿತು. ಸಂಜೆಯಾದರೆ ಜ್ವರ, ಬೆಳಗಿನ ಜಾವ ಮೈಯೆಲ್ಲ ಬೆವರು. ರವಿಕೆಗಳು ಒಂದೊಂದಾಗಿ ಸಡಿಲವಾದವು. ನೋಡಿದ ಮುದುಕ ಡಾಕ್ಟರು ಕ್ಷಯ ಎಂದರು, ನಾವು ಬೆಪ್ಪಾಗಿ ನಿಂತಿದ್ದು ನೋಡಿ ಹಳೇ ಕಾಲದ ಇಂಗ್ಲಿಷಿನಲ್ಲಿ ಕನ್ಸಂಪ್ಶನ್ ಎಂದೂ ಹೇಳಿದರು. ಕರೆಂಟಿನ ಬಿಲ್ಲಿನಲ್ಲಿ ಬಳಕೆಗೆ ಹಾಕುವುದೂ ಅದೇ ಪದ ಎಂದು ನನ್ನ ಗಂಡ ಬೆರಗಾದ. ಅತ್ತೆಗೆ ಮಾತ್ರ ಏನೂ ಆಶ್ಚರ್ಯವಾಗಲಿಲ್ಲ. ಮೈ ತಿನ್ನುವ ಕಾಯಿಲೆ, ಮನೆ ತಿನ್ನುವ ಸೊಸೆ, ಅವರ ಲೆಕ್ಕದಲ್ಲಿ ಎರಡೂ ಒಂದೇ ಬಿಲ್ಲಿಗೆ ಸೇರುವಂಥವು.

ಈ ಕಾಯಿಲೆಗೆ ಒಂದು ಕ್ರಮವಿದೆ. ಆರು ತಿಂಗಳು ತಪ್ಪದೆ ಮಾತ್ರೆ ನುಂಗಬೇಕು, ನುಂಗಿದ್ದನ್ನು ಯಾರಾದರೊಬ್ಬರು ಕಣ್ಣಾರೆ ನೋಡಬೇಕು. ರೋಗಿಗಳು ಸ್ವಲ್ಪ ಗುಣವಾದ ಕೂಡಲೇ ಮಾತ್ರೆ ಬಿಟ್ಟುಬಿಡುತ್ತಾರೆ, ಬಿಟ್ಟರೆ ಕಾಯಿಲೆ ಮತ್ತೆ ತಲೆ ಎತ್ತುತ್ತದೆ, ಅದಕ್ಕೆ. ನನ್ನನ್ನು ನೋಡುವ ಕೆಲಸ ಅತ್ತೆಯದಾಯಿತು. ಅವರು ಅದನ್ನು ಅಂಗಡಿಯ ಕಟ್ಟೆಯ ಮೇಲೆ, ಗಿರಾಕಿಗಳು ಬಟ್ಟೆ ಕೊಡುವ ಹೊತ್ತಿಗೇ ಇಟ್ಟುಕೊಂಡರು. ಬಾಯಿ ತೆಗಿ, ನಾಲಿಗೆ ಎತ್ತು ಎಂದು ಬೀದಿಗೆ ಕೇಳುವಂತೆ ಹೇಳುತ್ತಿದ್ದರು. ನನ್ನ ತಟ್ಟೆ ಬೇರೆ, ಲೋಟ ಬೇರೆ, ಹಾಸಿಗೆ ಕೆಳಗೆ ನೀರು ಕಾಯಿಸುವ ಬಾಯ್ಲರಿನ ಕೋಣೆಯಲ್ಲಿ. ಆಗ ಹೈಸ್ಕೂಲಿನಲ್ಲಿದ್ದ ನಾದಿನಿ ನನ್ನ ತಟ್ಟೆ ನೋಡಿ ಕಿಸಕ್ಕನೆ ನಗುತ್ತಿದ್ದಳು. ಗಂಡ ವ್ಯಾನಿನಲ್ಲಿ ಹೋಟೆಲುಗಳಿಗೆ ಚಾದರ ಕೊಡಲು ಹೋದವನು ಬೇಕೆಂದೇ ತಡಮಾಡಿ ಬರುತ್ತಿದ್ದ. ಅವನು ಕೆಟ್ಟವನಲ್ಲ, ಅಮ್ಮ ಇರುವ ಕೋಣೆಯಲ್ಲಿ ಅವನಿಗೆ ಬೆನ್ನುಮೂಳೆ ಇರುವುದಿಲ್ಲ, ಅಷ್ಟೇ.

ಇದನ್ನೆಲ್ಲ ನಾನು ಹಲ್ಲು ಕಚ್ಚಿ ನುಂಗಿಕೊಂಡೆ. ಇದಿಷ್ಟೇ ಆಗಿದ್ದರೆ ಎಂದೋ ಮರೆತೂ ಬಿಡುತ್ತಿದ್ದೆನೇನೋ. ಆದರೆ ಅದೇ ಸಮಯಕ್ಕೆ ನನ್ನ ತಂಗಿಗೆ ಮದುವೆ ಗೊತ್ತಾಗಿತ್ತು. ಹುಡುಗ ಅವಳೇ ಮೆಚ್ಚಿದವನು. ಅವನ ಮನೆಯವರು ನಮ್ಮ ಅಂಗಡಿಗೇ ಬಟ್ಟೆ ಹಾಕುತ್ತಿದ್ದರು. ಇಸ್ತ್ರಿಯಾದ ಅಂಗಿಗಳನ್ನು ಹುಡುಗನ ತಾಯಿಯ ಕೈಗೆ ಕೊಡುತ್ತಾ ಅತ್ತೆ ಹೇಳಿದರಂತೆ, ಆ ಮನೆತನದಲ್ಲೇ ಕ್ಷಯ ಇದೆ, ನಾವು ಗೊತ್ತಾಗದೆ ಮೋಸ ಹೋದೆವು, ನೀವಾದರೂ ಹುಷಾರಾಗಿರಿ ಎಂದು. ಆ ಜನ ನನ್ನ ತವರಿಗೆ ಹೋದರು, ಕೂತರು, ಎದ್ದರು, ಹೋದರು. ತಂಗಿ ಬೇರೆ ಊರಲ್ಲಿ ಕೆಲಸ ಹುಡುಕಿಕೊಂಡು ಹೊರಟುಹೋದಳು. ಹೊರಡುವ ದಿನ ನನ್ನ ಮುಖಕ್ಕೇ ಅಂದಳು:

“ಅಕ್ಕ, ನಿನ್ನ ಕಾಯಿಲೆ ನಿನ್ನ ಬಿಟ್ಟು ನನ್ನ ತಿಂತು.”

ಅಂದಿನಿಂದ ಅವಳು ನನ್ನ ಫೋನು ಎತ್ತುವುದಿಲ್ಲ. ನಮ್ಮಮ್ಮನ ಎದುರಿಗೆ ಯಾರಾದರೂ ಮದುವೆಯ ಸುದ್ದಿ ತೆಗೆದರೆ ಅಮ್ಮ ಎದ್ದು ಒಳಗೆ ಹೋಗುತ್ತಾಳೆ. ನಾನು ವಾಸಿಯಾದೆ, ಮೈ ತುಂಬಿಕೊಂಡೆ, ಅಂಗಡಿಯಲ್ಲಿ ಕಲೆ ತೆಗೆಯುವ ಕೆಲಸ ಹಿಡಿದೆ. ಮನಸ್ಸಿನಲ್ಲಿ ಮಾತ್ರ ಒಂದು ಗಂಟು ಕಟ್ಟಿಟ್ಟುಕೊಂಡೆ. ಒಂದಲ್ಲ ಒಂದು ದಿನ ಇವರ ಗಂಟಲಿನಲ್ಲೂ ನುಂಗಲಾರದ ತುತ್ತೊಂದು ಇಡುತ್ತೇನೆ ಅಂದುಕೊಂಡು ವರ್ಷಗಟ್ಟಲೆ ಅತ್ತೆಗೆ ಊಟ ಬಡಿಸಿದೆ.

ಆ ದಿನ ಬಂದದ್ದು ಮನೆಯ ಬಟ್ಟೆಯ ರಾಶಿಯಲ್ಲಿ.

ಗಿರಾಕಿಗಳ ಬಟ್ಟೆ ಮುಗಿದ ಮೇಲೆ ಮನೆಯವರದ್ದನ್ನು ಒಗೆಯುವುದು ನಮ್ಮ ರೂಢಿ. ನೆನೆಹಾಕುವ ಮುಂಚೆ ಒಂದೊಂದನ್ನೂ ಬೆಳಕಿಗೆ ಹಿಡಿದು ಕಲೆ ನೋಡುತ್ತೇನೆ. ಅತ್ತೆಯ ಬಿಳಿ ಕರ್ಚೀಫಿನಲ್ಲಿ ತೆಳುವಾದ ಕಿತ್ತಳೆ ಛಾಯೆ ಕಂಡಿತು. ಹಣ್ಣಿನ ರಸದ್ದಲ್ಲ, ಟೀಯದ್ದಲ್ಲ. ರವಿಕೆಯ ಕಂಕುಳಲ್ಲೂ ಅದೇ ಬಣ್ಣ. ಈ ಬಣ್ಣವನ್ನು ನಾನು ನಿದ್ದೆಯಲ್ಲೂ ಗುರುತಿಸಬಲ್ಲೆ. ಕ್ಷಯದ ಮಾತ್ರೆ ನುಂಗುವವರ ಕಣ್ಣೀರು, ಬೆವರು, ಉಚ್ಚೆ ಎಲ್ಲಕ್ಕೂ ಆ ಬಣ್ಣ ಬರುತ್ತದೆ. ಬಾಯ್ಲರಿನ ಕೋಣೆಯಲ್ಲಿ ಆರು ತಿಂಗಳು ನನ್ನ ದಿಂಬು ಆ ಬಣ್ಣಕ್ಕೆ ತಿರುಗಿತ್ತು, ಮನೆಯ ಬಟ್ಟೆಗೆಲ್ಲ ಹಿಡಿಸುತ್ತೀಯ ಎಂದು ಅತ್ತೆ ಅದನ್ನು ಕೋಲಿನಿಂದ ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದರು.

ನನಗಾದ ಸಂತೋಷ ಹೇಳಲಾರೆ. ಕರ್ಚೀಫು ಹಿಡಿದುಕೊಂಡು ಒಗೆಯುವ ಕೋಣೆಯಲ್ಲಿ ಒಬ್ಬಳೇ ನಕ್ಕೆ. ಈಚೆಗೆ ಅತ್ತೆ ಧೂಳು ಧೂಳು ಎಂದು ಕೆಮ್ಮುತ್ತಿದ್ದುದು, ಅಕ್ಕನ ಮನೆಗೆ ಎಂದು ಊರಾಚೆಗೆ ಹೋಗಿ ಬರುತ್ತಿದ್ದುದು, ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಯಾಕೆ ಮುಚ್ಚಿಡುತ್ತಿದ್ದಾರೆ ಎಂಬುದೂ ಗೊತ್ತಿತ್ತು. ನಾದಿನಿಗೆ ಒಂದು ಒಳ್ಳೆಯ ಸಂಬಂಧ ಕೂಡಿಬರುತ್ತಿತ್ತು. ಹುಡುಗ ನಕ್ಷೆ ಬರೆಯುವ ಕೆಲಸದವನು, ತಾಯಿ ರಿಟೈರಾದ ಹೆಡ್‌ಮಿಸ್ಸು. ಅವರು ಮಾತುಕತೆಗೆ ಬರುವ ದಿನ ಹತ್ತಿರವಾಗುತ್ತಿತ್ತು.

ಕೂಡಲೇ ಬಾಯಿ ಬಿಡಲಿಲ್ಲ. ಕೆಲವು ದಿನ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಆ ರಾಶಿ ನೋಡಿದೆ. ಆಗ ಇನ್ನೊಂದು ವಿಷಯ ಗೊತ್ತಾಯಿತು. ಬಣ್ಣ ಒಂದು ದಿನ ಇರುತ್ತಿತ್ತು, ಮರುದಿನ ಕಾಣುತ್ತಿರಲಿಲ್ಲ. ನಮ್ಮ ಮೀಟರಮ್ಮ ಮಾತ್ರೆಯಲ್ಲೂ ಉಳಿತಾಯ ಮಾಡುತ್ತಿದ್ದರು. ದಿನ ಬಿಟ್ಟು ದಿನ ನುಂಗಿ, ಉಳಿದದ್ದನ್ನು ಎತ್ತಿಡುತ್ತಿದ್ದರು.

ಒಂದು ಬೆಳಗ್ಗೆ ಅವರನ್ನು ಒಗೆಯುವ ಕೋಣೆಗೆ ಕರೆದು, ಬಾಗಿಲು ಹಾಕಿ, ಬಣ್ಣ ಹಿಡಿದದ್ದೊಂದು, ಹಿಡಿಯದ್ದೊಂದು, ಎರಡು ಕರ್ಚೀಫುಗಳನ್ನು ಮುಂದಿಟ್ಟೆ. ಅವರ ಮುಖ ಸುಣ್ಣದಂತಾಯಿತು. ಯಾವ ಮಾತ್ರೆ, ಯಾವ ಡಾಕ್ಟರು ಎಂದು ಜಾರಿಕೊಳ್ಳಲು ನೋಡಿದರು. ನಾನು ಷರತ್ತು ಹೇಳಿದೆ. ನಾಳೆ ನನ್ನ ಜೊತೆ ಕ್ಲಿನಿಕ್ಕಿಗೆ ಬರಬೇಕು, ಆಮೇಲೆ ದಿನಾ ನನ್ನ ಕಣ್ಣೆದುರು ಮಾತ್ರೆ ನುಂಗಬೇಕು. ಇಲ್ಲದಿದ್ದರೆ ಹುಡುಗನ ಮನೆಗೆ ನಾನೇ ಹೋಗಿ ಹೇಳಿ ಬರುತ್ತೇನೆ. ಅವರು ಮೆಷಿನ್ನಿನ ಕಡೆ ಮುಖ ತಿರುಗಿಸಿ ಹೂಂ ಎಂದರು.

ಅವರ ಜೀವ ಉಳಿಸಬೇಕೆಂದು ಹಾಗೆ ಮಾಡಿದೆ ಎಂದು ಯಾರೂ ತಿಳಿಯಬೇಡಿ. ಅವರು ನನ್ನ ಮುಂದೆ ಬಾಯಿ ತೆರೆಯುವುದನ್ನು ನೋಡಬೇಕಿತ್ತು ನನಗೆ.

ಕ್ಲಿನಿಕ್ಕಿನಲ್ಲಿ ಈಗ ಚಿಕ್ಕ ಪ್ರಾಯದ ಡಾಕ್ಟರಮ್ಮ ಇದ್ದಾರೆ. ಎಕ್ಸ್‌-ರೇ ಚಿತ್ರವನ್ನು ಬೆಳಕಿಗೆ ಹಿಡಿದು, ಮೊದಲು ಯಾವಾಗ ಬಂದಿತ್ತು ಎಂದು ಕೇಳಿದರು. ಇದೇ ಮೊದಲು ಎಂದರು ಅತ್ತೆ. ಡಾಕ್ಟರಮ್ಮ ಅಲ್ಲವೆಂದು ತಲೆಯಾಡಿಸಿ, ಚಿತ್ರದ ಮೂಲೆಯಲ್ಲಿ ಒಂದು ಗುರುತು ತೋರಿಸಿ, ಇದು ಹಳೆಯ ಗಾಯ, ಎಷ್ಟೋ ವರ್ಷದ ಹಿಂದಿನದು, ಆಗಲೂ ಔಷಧಿ ಅರ್ಧಕ್ಕೇ ಬಿಟ್ಟಿರಬೇಕು ಎಂದರು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತರು.

ಹೊರಗೆ ಬಂದು ಔಷಧಿಯ ಸಾಲಿನ ಪಕ್ಕದ ಬೆಂಚಿನ ಮೇಲೆ ಕೂರಿಸಿ ಕೇಳಿದೆ, ಯಾವಾಗ ಎಂದು. ಸಾಲಿನಲ್ಲಿ ನಿಲ್ಲಬೇಕು ಎಂದು ಏಳಲು ನೋಡಿದರು. ಇಲ್ಲೇ ಕೂಗಿ ಕೇಳಲಾ ಎಂದಾಗ ಬಾಯಿ ಬಿಟ್ಟರು.

“ನೀನು ಬರೋ ಹಿಂದಿನ ವರ್ಷ. ಎರಡು ತಿಂಗಳು ತಗೊಂಡೆ. ಕೆಮ್ಮು ನಿಂತಿತು. ನಿಂತ ಮೇಲೂ ಮಾತ್ರೆ ಯಾಕೆ ದಂಡ ಮಾಡೋದು ಅಂತ ಉಳಿದಿದ್ದು ಎತ್ತಿಟ್ಟೆ.”

ಎತ್ತಿಟ್ಟರಂತೆ. ಸೋಪಿನ ಚೂರು ಎತ್ತಿಟ್ಟ ಹಾಗೆ. ಒಳಗೆ ಸಾಯದೆ ಉಳಿದದ್ದು ಮರುವರ್ಷ ಹೊಸದಾಗಿ ಬಂದ ಸೊಸೆಗೆ ಹತ್ತಿತು. ಮದುವೆಯಾದ ಹೊಸದರಲ್ಲಿ ಅವರಿಗೆ ಕೆಮ್ಮು ಮತ್ತೆ ಶುರುವಾಗಿತ್ತು, ಚಳಿಗೆ ಎನ್ನುತ್ತಿದ್ದರು, ಕಾಲು ಒತ್ತುತ್ತಾ ಪಕ್ಕದಲ್ಲೇ ಕೂರುತ್ತಿದ್ದವಳು ನಾನು. ಅದು ತಮ್ಮಿಂದ ಬಂದದ್ದೆಂದು ಗೊತ್ತಿದ್ದೂ ನನ್ನ ತಟ್ಟೆ ಬೇರೆ ಇಟ್ಟರು. ಗೊತ್ತಿದ್ದೂ ನನ್ನ ತವರಿನ ಹೆಸರು ಹೇಳಿದರು. ಆ ಕ್ಷಣದಲ್ಲಿ ಅವರ ಕುತ್ತಿಗೆ ಹಿಸುಕಲು ಎರಡು ಕೈ ಸಾಕಿತ್ತು.

ಇನ್ನು ಷರತ್ತು ಗಿರತ್ತು ಏನೂ ಇಲ್ಲ, ಆ ಮಾತುಕತೆಯ ದಿನವೇ ಎಲ್ಲರ ಎದುರು ಹೇಳುತ್ತೇನೆ ಎಂದೆ. ನನ್ನ ತಂಗಿಯ ಮದುವೆ ಹೇಗೆ ಮುರಿಯಿತೋ ಹಾಗೇ ನಿಮ್ಮ ಮಗಳದ್ದೂ ಮುರಿಯಲಿ ಎಂದೆ. ಆಗ ಅತ್ತೆ ನನ್ನ ಕೈ ಹಿಡಿದುಕೊಂಡರು. ಇಷ್ಟು ವರ್ಷದಲ್ಲಿ ಅವರ ಕೈ ಬಿಸಿಯಾಗಿದೆಯೋ ತಣ್ಣಗಿದೆಯೋ ನನಗೆ ಗೊತ್ತಿರಲಿಲ್ಲ. ಒಣಗಿ ಬಿಸಿಯಾಗಿತ್ತು.

“ಇದೊಂದು ಮದುವೆ ಆಗಿಬಿಡಲಿ. ಆಮೇಲೆ ನಾನೇ ನಿನ್ನ ತವರಿಗೆ ಹೋಗ್ತೀನಿ. ನಿಮ್ಮಮ್ಮನ ಮುಂದೆ, ನಿನ್ನ ತಂಗಿ ಮುಂದೆ, ಆ ಹುಡುಗನ ಮನೇಲೂ, ಸುಳ್ಳು ಹೇಳಿದ್ದು ನಾನು ಅಂತೀನಿ.”

ಯೋಚಿಸಿದೆ. ಹೋದ ಮದುವೆ ವಾಪಸು ಬರುವುದಿಲ್ಲ, ಆ ಹುಡುಗ ಎಂದೋ ಬೇರೆಯವಳನ್ನು ಕಟ್ಟಿಕೊಂಡಿದ್ದ. ಆದರೆ ಈ ಹೆಂಗಸು ನಮ್ಮಮ್ಮನ ಮನೆಯ ಹೊಸಿಲಲ್ಲಿ ನಿಂತು, ತಂಗಿಯ ಮುಖ ನೋಡುತ್ತಾ, ನಾನು ಸುಳ್ಳಿ ಎನ್ನುವುದನ್ನು ಕಿವಿಯಾರೆ ಕೇಳಬೇಕು ಎಂಬ ಆಸೆ ಉಕ್ಕಿ ಬಂತು. ಮದುವೆ ಮುರಿಯುವುದಕ್ಕಿಂತ ಅದೇ ರುಚಿಯಾಗಿ ಕಂಡಿತು. ಅದರ ಜೊತೆಗೆ ತಂಗಿ ಮತ್ತೆ ನನ್ನ ಫೋನು ಎತ್ತಬಹುದು. ಆಗಲಿ ಎಂದೆ. ನನ್ನ ಬಾಯಿಗೆ ನಾನೇ ಬೀಗ ಹಾಕಿಕೊಂಡೆ.

ಅಲ್ಲಿಂದ ಬೆಳಗ್ಗೆ ಬೆಳಗ್ಗೆ ನನಗೊಂದು ಹಬ್ಬ. ಒಗೆಯುವ ಕೋಣೆಯ ಬಾಗಿಲು ಮುಚ್ಚಿ, ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ, ಮಾತ್ರೆಗಳನ್ನು ಅಂಗೈಗೆ ಹಾಕಿ, ಎದುರಿಗೆ ನಿಲ್ಲುತ್ತಿದ್ದೆ. ಬಾಯಿ ತೆಗೀರಿ ಎನ್ನುತ್ತಿದ್ದೆ, ಮೆಲ್ಲಗೆ. ನಾಲಿಗೆ ಎತ್ತಿ ಎನ್ನುತ್ತಿದ್ದೆ, ಇನ್ನೂ ಮೆಲ್ಲಗೆ. ಅವರ ಹಾಗೆ ಬೀದಿಗೆ ಕೇಳಿಸಲಿಲ್ಲ, ಮಾತಿಗೆ ತಪ್ಪಲಿಲ್ಲ. ದಿನಕ್ಕೆರಡು ಮೊಟ್ಟೆ, ದೊಡ್ಡ ಲೋಟದ ತುಂಬ ಹಾಲು ಕೊಡಿ ಎಂದು ಡಾಕ್ಟರಮ್ಮ ಹೇಳಿದ್ದರಲ್ಲ, ಅದನ್ನೂ ಮುಗಿಸುವವರೆಗೆ ಎದುರಿಗೆ ನಿಂತಿರುತ್ತಿದ್ದೆ. ಲೋಟದ ತಳದಲ್ಲಿ ಒಂದು ಗುಟುಕು ಬಿಡಲು ನೋಡುತ್ತಿದ್ದರು, ನಾನು ಬಿಡುತ್ತಿರಲಿಲ್ಲ. ತಮಗಾಗಿಯೇ ಅಷ್ಟು ಹಾಲು ಖರ್ಚಾಗುವುದನ್ನು ಕಂಡು ಅವರಿಗಾಗುತ್ತಿದ್ದ ಸಂಕಟ ಕಾಯಿಲೆಗಿಂತ ಹೆಚ್ಚಿನದಾಗಿತ್ತು. ಒಮ್ಮೊಮ್ಮೆ ಬೇಕೆಂದೇ ದೀಪ ಆರಿಸದೆ ಬರುತ್ತಿದ್ದೆ. ಮೀಟರಮ್ಮ ಮೀಟರಿನ ಮುಂದೆ ನಿಂತು, ನನ್ನನ್ನು ನೋಡಿ, ಏನೂ ಅನ್ನಲಾಗದೆ ಒಳಗೆ ಹೋಗುತ್ತಿದ್ದರು.

ಮಾತುಕತೆಯ ದಿನ ಮಹಡಿಯ ಮುಂದಿನ ಕೋಣೆಯಲ್ಲಿ ಎಲ್ಲ ದೀಪಗಳೂ ಒಟ್ಟಿಗೆ ಉರಿದವು. ಅದನ್ನು ನೋಡಿ ನನ್ನ ಗಂಡನಿಗೇ ಗಾಬರಿಯಾಯಿತು. ಕುರ್ಚಿಗಳಿಗೆ ನಾನೇ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಹೊದಿಕೆ, ಗಾಜಿನ ತಟ್ಟೆಯಲ್ಲಿ ಬಿಸ್ಕತ್ತು. ನಾದಿನಿ ತಿಳಿನೀಲಿ ಸೀರೆ ಉಟ್ಟಿದ್ದಳು. ಅಂಗಡಿಯಲ್ಲಿ ಬಟ್ಟೆಗಳಿಗೆ ಗುರುತಿನ ದಾರ ಹೊಲಿದೂ ಹೊಲಿದೂ ಅವಳ ಬೆರಳ ತುದಿ ಒರಟಾಗಿದೆ, ಅದು ಕಾಣದಿರಲೆಂದು ಕೈ ಮಡಚಿಕೊಂಡು ಕೂತಿದ್ದಳು. ಅತ್ತಿಗೆ, ಸೆರಗು ಸರಿಯಿದೆಯಾ ಎಂದು ಮೂರು ಸಲ ಕೇಳಿದ್ದಳು. ಅವಳಿಗೆ ತಾಯಿಯ ಕಾಯಿಲೆ ಗೊತ್ತಿರಲಿಲ್ಲ, ಅದೇ ತಾಯಿಯ ಪಕ್ಕದಲ್ಲಿ ಮಲಗುತ್ತಿದ್ದಳು. ಗಡಿಬಿಡಿಯಲ್ಲಿ ಅಂದಿನ ಮಾತ್ರೆ ಬಾಕಿ ಉಳಿದಿತ್ತು.

ಬಂದವರು ಮೂವರು, ಹುಡುಗ, ಅವನ ಅಣ್ಣ, ಅವರ ತಾಯಿ ಹೆಡ್‌ಮಿಸ್ಸು. ಒಳ್ಳೆಯ ಜನ. ಹುಡುಗ ನಾದಿನಿಯನ್ನು ಏನೋ ಕೇಳಿದ, ಅವಳು ನಕ್ಕಳು, ಎಲ್ಲ ಸುಸೂತ್ರವಾಗಿ ಹೋಗುತ್ತಿತ್ತು. ನಾನು ಟೀಯ ಟ್ರೇ ಹಿಡಿದು ಬಂದಾಗ ಹೆಡ್‌ಮಿಸ್ಸು, ತಪ್ಪು ತಿಳಿಯಬೇಡಿ, ಈ ಮನೆಯಲ್ಲಿ ಹಿಂದೆ ಯಾರಿಗೋ ಕ್ಷಯ ಆಗಿತ್ತೆಂದು ಕೇಳಿದೆವು ಎಂದು ವಿಚಾರಿಸುತ್ತಿದ್ದರು. ಅತ್ತೆ ಅಂದು ಬೀದಿಗೆ ಹಾಕಿದ ಮಾತು ಊರೆಲ್ಲ ಸುತ್ತಿ ಅವರ ಮುಂದೆಯೇ ಬಂದು ಕೂತಿತ್ತು. ಆಗಿತ್ತು, ವಾಸಿಯಾಯಿತು ಎಂದು ಎರಡು ಮಾತಲ್ಲಿ ಮುಗಿಸಬಹುದಿತ್ತು. ಹಾಗೆ ಮುಗಿಸಿದ್ದರೆ ನಾನು ಟೀ ಕೊಟ್ಟು ಒಳಗೆ ಹೋಗುತ್ತಿದ್ದೆ, ಇದು ಸತ್ಯ.

“ಅದು ನಮ್ಮನೇದಲ್ಲ,” ಎಂದರು ಅತ್ತೆ, ನನ್ನ ಕಡೆ ಗಲ್ಲ ತೋರಿಸಿ. “ಇವಳು ತವರಿಂದ ತಂದಿದ್ದು. ಅವರ ಮನೆತನದಲ್ಲೇ ಇದೆ. ಅದಕ್ಕೇ ತಂಗಿಗೂ ಮದುವೆ ಆಗಲಿಲ್ಲ, ಪಾಪ. ನಾವು ಸಾಕಿ ವಾಸಿ ಮಾಡಿದ್ವಿ.”

ಕಣ್ಣು ಮಿಟುಕಿಸದೆ ಹೇಳಿದರು. ನನಗೆ ಕೊಟ್ಟ ಮಾತು ಅವರ ಬಾಯಲ್ಲಿ ಒಂದು ತಿಂಗಳೂ ಬಾಳಲಿಲ್ಲ. ಆ ‘ಪಾಪ’ ಎನ್ನುವ ಪದ ಇದೆಯಲ್ಲ, ಅದು ನನ್ನನ್ನು ಸುಟ್ಟುಹಾಕಿತು. ಟ್ರೇಯನ್ನು ಮೇಜಿನ ಮೇಲಿಟ್ಟೆ. ಒಂದು ಹನಿಯೂ ಚೆಲ್ಲಲಿಲ್ಲ. ಒಳಗೆ ಹೋಗಿ ಅಂದಿನ ಮಾತ್ರೆಗಳನ್ನೂ ನೀರನ್ನೂ ತಂದು ಅತ್ತೆಯ ಎದುರು ನಿಂತೆ.

“ಅತ್ತೆ, ಇವತ್ತಿನ ಕ್ಷಯದ ಮಾತ್ರೆ ಬಾಕಿ ಇದೆ. ಬಾಯಿ ತೆಗೀರಿ.”

ಅತ್ತೆ, ಇದು ಬಿ.ಪಿ. ಮಾತ್ರೆ, ಇವಳಿಗೆ ತಲೆ ಸರಿಯಿಲ್ಲ ಎಂದು ಶುರುಮಾಡಿದರು. ನಾನು ಕ್ಲಿನಿಕ್ಕಿನ ವಿಳಾಸ ಹೇಳಿದೆ. ಹಳೆಯ ಗಾಯದ ವಿಷಯ ಹೇಳಿದೆ. ಉಳಿಸಿ ಎತ್ತಿಟ್ಟ ಮಾತ್ರೆಗಳ ವಿಷಯ ಹೇಳಿದೆ. ನನ್ನ ತವರಿನಿಂದ ಬಂದದ್ದಲ್ಲ, ಇವರು ನನಗೆ ಕೊಟ್ಟದ್ದು, ಕೊಟ್ಟು ನನ್ನ ತಂಗಿಯ ಬಾಳಿಗೆ ಮಣ್ಣು ಹಾಕಿದ್ದು ಎಂದೆ. ಗಂಡ ಸಾಕು ಸಾಕು ಎಂದು ಮೆಲ್ಲಗೆ ಹೇಳುತ್ತಿದ್ದ. ಸಾಕಾಗಿರಲಿಲ್ಲ. ಅತ್ತೆ ಅಳತೊಡಗಿದರು, ಕೊನೆಗೆ ಮಾತ್ರೆಗಳನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದರು. ನಾಲಿಗೆ ಎತ್ತಿ ಎಂದೆ, ಬೀದಿಗೆ ಕೇಳುವಂತೆ. ಎತ್ತಿದರು.

ಹೆಡ್‌ಮಿಸ್ಸು ಎದ್ದರು. ಅವರ ಮುಖದಲ್ಲಿ ಕಾಯಿಲೆಯ ಹೆದರಿಕೆ ಇರಲಿಲ್ಲ, ಅದನ್ನು ನಾನು ಸರಿಯಾಗಿ ನೋಡಿದೆ.

“ಕಾಯಿಲೆ ವಾಸಿಯಾಗುತ್ತಮ್ಮ, ಅದಕ್ಕೆ ನಾವು ಅಂಜಲ್ಲ,” ಎಂದರು. “ಮನೆಗೆ ಬಂದವರ ಮುಂದೆ ಸುಳ್ಳು ಹೇಳೋ ಅತ್ತೆ, ಬಂದವರ ಮುಂದೇನೇ ಮಾನ ಕಳೆಯೋ ಸೊಸೆ. ಈ ಮನೆ ನಮಗೆ ಬೇಡ.”

ಹುಡುಗ ಬಾಗಿಲಲ್ಲಿ ಒಮ್ಮೆ ತಿರುಗಿ ನಾದಿನಿಯನ್ನು ನೋಡಿದ. ಆಮೇಲೆ ಅವನೂ ಮೆಟ್ಟಿಲು ಇಳಿದ. ನಾದಿನಿ ಕೂತಲ್ಲಿಂದ ಅಲುಗಲಿಲ್ಲ. ಅತ್ತೆ ಅವಳ ಹೆಗಲ ಮೇಲೆ ಕೈಯಿಡಲು ಹೋದರು, ಅವಳು ಆ ಕೈಯನ್ನು ತೆಗೆದು ಪಕ್ಕಕ್ಕಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅತ್ತಿಗೆ, ನಿಮ್ಮ ತಂಗಿಗೆ ಫೋನ್ ಮಾಡಿ ಹೇಳಿ. ಲೆಕ್ಕ ಸಮ ಆಯ್ತು ಅಂತ.”

ಅವಳು ಕುಹಕಕ್ಕೆ ಹೇಳಿದ್ದಿರಬಹುದು. ನಾನು ನಿಜವಾಗಿಯೂ ಮಾಡಿದೆ. ಇಸ್ತ್ರಿ ಮೇಜಿನ ಪಕ್ಕ ನಿಂತು ನಂಬರು ಒತ್ತಿದೆ, ಯಾಕೋ ಅಂದು ಎತ್ತಿದಳು. ನಾನು ಉಸಿರು ಬಿಡದೆ ಎಲ್ಲವನ್ನೂ ಹೇಳಿದೆ, ಕಾಯಿಲೆ ಯಾರದು, ಸುಳ್ಳು ಯಾರದು, ಇವತ್ತು ಏನಾಯಿತು ಎಂದು. ಮುಗಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿದಳು.

“ಟೀ ಕುಡಿದ್ರಾ ಅವರು?”

ಇಲ್ಲ, ಹಾಗೇ ಬಿಟ್ಟು ಹೋದರು ಎಂದೆ.

“ನಮ್ಮನೇಲೂ ಕುಡೀಲಿಲ್ಲ,” ಎಂದಳು. “ಆ ಹುಡುಗಿ ಏನಾದರೂ ತಿಂದಳಾ, ನೋಡಕ್ಕ,” ಎಂದು ಹೇಳಿ ಫೋನಿಟ್ಟಳು.

ಹೊಟ್ಟೆ ತಣ್ಣಗಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಹಾಗೆಂದು ನಾನು ಮಾಡಿದ್ದಕ್ಕೆ ಬೇಸರವೂ ಇಲ್ಲ, ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ. ತಟ್ಟೆಯಲ್ಲಿ ಅನ್ನ ಹಾಕಿಕೊಂಡು ಹೋಗಿ ನಾದಿನಿಯ ಮುಂದಿಟ್ಟೆ. ಅವಳು ಮುಟ್ಟಲಿಲ್ಲ.

ಮರುದಿನ ಬೆಳಗ್ಗೆ ಎಂದಿನಂತೆ ಮಾತ್ರೆ ಹಿಡಿದು ಒಗೆಯುವ ಕೋಣೆಗೆ ಹೋದೆ. ಅತ್ತೆ ಆಗಲೇ ಸ್ಟೂಲಿನ ಮೇಲೆ ಕೂತಿದ್ದರು. ಕಣ್ಣು ಊದಿಕೊಂಡಿತ್ತು, ತಲೆ ಬಾಚಿರಲಿಲ್ಲ. ಬಾಯಿ ತೆಗೀರಿ ಎಂದೆ. ಅವರು ತುಟಿ ಬಿಗಿದುಕೊಂಡು, ನನ್ನನ್ನೇ ನೋಡುತ್ತಾ, ಇಲ್ಲವೆಂದು ತಲೆಯಾಡಿಸಿದರು. ಆಮೇಲೆ ನಕ್ಕರು. ಹಿಂದಿನ ದಿನದಿಂದ ಆ ಮನೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು.

“ಇನ್ನು ಯಾರಿಗೆ ಹೇಳ್ತೀಯ?” ಎಂದರು. “ಹೇಳೋದನ್ನೆಲ್ಲ ಹೇಳಿ ಮುಗಿಸಿದೀಯಲ್ಲ. ನಾನು ನುಂಗಲ್ಲ. ಸಾಯ್ತೀನಿ. ನನ್ನ ಸಾವು ನಿನ್ನ ತಲೆ ಮೇಲೆ ಬರಲಿ.”

ನಿಜವೇ. ನನ್ನ ಕೈಯಲ್ಲಿದ್ದದ್ದು ಒಂದೇ ಬೆದರಿಕೆ, ಅದನ್ನು ನಿನ್ನೆ ಪೂರ್ತಿ ಖರ್ಚು ಮಾಡಿಬಿಟ್ಟಿದ್ದೆ, ಒಂದು ಚೂರೂ ಉಳಿಸಿಕೊಂಡಿರಲಿಲ್ಲ. ಅವರು ಗೆದ್ದವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತರು. ಮೇಲಿನ ಮನೆಯಲ್ಲಿ ನಾದಿನಿ ಓಡಾಡುವ ಸದ್ದು ಕೇಳುತ್ತಿತ್ತು. ಅವರ ಕಣ್ಣು ಆ ಕಡೆ ಹೋಯಿತು. ನಾನು ಬಾಗಿ ಅವರ ಮುಖದ ಹತ್ತಿರ ಬಂದೆ.

“ಸಾಯಿರಿ ಅತ್ತೆ. ನೀವು ಸತ್ತ ಮೇಲೆ ಅವಳು ಈ ಮನೇಲಿ ನನ್ನ ಕೈಕೆಳಗೆ ಇರ್ತಾಳೆ. ನೀವು ನನ್ನ ಹೇಗೆ ನೋಡಿಕೊಂಡ್ರೋ, ನಾನು ಅವಳನ್ನ ಹಾಗೇ ನೋಡಿಕೊಳ್ತೀನಿ.”

ನಗು ಅಲ್ಲೇ ನಿಂತಿತು. ಹೆದರಿಸುತ್ತಿದ್ದಾಳೋ, ಮಾಡಿಯೇಬಿಡುತ್ತಾಳೋ ಎಂದು ಅವರು ನನ್ನ ಕಣ್ಣಿನಲ್ಲಿ ಹುಡುಕಿದರು. ನಾನು ಹಾಗೆ ಮಾಡುತ್ತಿದ್ದೆನೋ ಇಲ್ಲವೋ ನನಗೇ ಗೊತ್ತಿಲ್ಲ. ಆದರೆ ಅವರು ನಂಬಿದರು. ನನ್ನ ಜಾಗದಲ್ಲಿ ಅವರಿದ್ದಿದ್ದರೆ ಮಾಡುತ್ತಿದ್ದರು, ಅದಕ್ಕೇ ನಂಬಿದರು.

ಕೈ ಚಾಚಿ ನನ್ನ ಅಂಗೈಯಿಂದ ಮಾತ್ರೆಗಳನ್ನು ತೆಗೆದುಕೊಂಡರು. ಒಂದೊಂದಾಗಿ ನುಂಗಿದರು. ನೀರನ್ನು ತಳ ಕಾಣುವವರೆಗೆ ಕುಡಿದರು. ನಾನು ಹೇಳುವ ಮೊದಲೇ ಬಾಯಿ ಅಗಲಿಸಿ ನಾಲಿಗೆ ಎತ್ತಿ ತೋರಿಸಿದರು. ಒಳಗೆ ಏನೂ ಉಳಿದಿರಲಿಲ್ಲ. ನಾಳೆಯೂ ಇದೇ ಹೊತ್ತಿಗೆ ಎಂದು ಹೇಳಿ ನಾನು ಅಂಗಡಿಯ ಬಾಗಿಲು ತೆಗೆಯಲು ಹೋದೆ.